ಗಾಳಿಗೊಂದು ದಾರಿ, ಇಲಿಗೊಂದು ಬಾಗಿಲು

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಸಖರಾಯಪಟ್ಟಣಕ್ಕೆ ಎರಡು ಮುಖ. ಪೂರ್ವಕ್ಕೆ ತಿರುಗಿ ನಿಂತರೆ ರಾಗಿ ಹೊಲ, ತೆಂಗಿನ ತೋಟ, ಬಯಲುಸೀಮೆಯ ಬಿಸಿಲು ಮತ್ತು ಧೂಳು. ಪಶ್ಚಿಮಕ್ಕೆ ತಿರುಗಿದರೆ ಶಕುನಗಿರಿ, ಅದರ ಮಗ್ಗುಲಲ್ಲಿ ಅಯ್ಯನಕೆರೆ, ಅದರಾಚೆಗೆ ಬಾಬಾಬುಡನ್ ಬೆಟ್ಟಸಾಲು ಮತ್ತು ಮಳೆಗಾಲದ ಥಂಡಿ. ಈ ಧೂಳನ್ನೂ ಆ ಥಂಡಿಯನ್ನೂ ಒಟ್ಟಿಗೇ ಕುಡಿದು ಇಪ್ಪತ್ತೈದು ವರ್ಷ ಬಾಳಿದ ಒಂದು ಪೆಟ್ಟಿಗೆಯ ಕತೆ ಇದು.

ಪೆಟ್ಟಿಗೆ ಇರುವುದು ನನ್ನ ಭಾವನ ಫೋಟೊ ಸ್ಟುಡಿಯೋದಲ್ಲಿ. ಎರಡಡಿ ಎತ್ತರ, ಒಂದು ಗೇಣು ಅಗಲ, ಒಂದೂವರೆ ಅಡಿ ಆಳ. ಒಂದು ಕಾಲಕ್ಕೆ ಬಿಳಿಯಿದ್ದ ಮುಂಭಾಗ ಈಗ ಹಳೆಯ ಪಂಚಾಂಗದ ಹಾಳೆಯ ಬಣ್ಣ. ಊರಿನವರೆಲ್ಲ ಅದನ್ನು ಕರೆಯುವುದು ‘ಸಿಪಿಯು’ ಎಂದು. ನಿಜಕ್ಕೂ ಸಿಪಿಯು ಎಂಬುದು ಒಂದು ಬಿಸ್ಕತ್ತಿನಷ್ಟು ಅಗಲದ ಚಿಪ್ಪು. ಪೆಟ್ಟಿಗೆಯ ಒಳಗೆ ಎಲ್ಲೋ ಕುಳಿತು ಲೆಕ್ಕ ಮಾಡುವ ಯಜಮಾನ. ಆ ಯಜಮಾನನಿಗೂ ಅವನ ಪರಿವಾರಕ್ಕೂ ಮನೆಯಾಗಿರುವ ಈ ಉಕ್ಕಿನ ಪೆಟ್ಟಿಗೆಗೆ ಅಂಗಡಿಯವರು ಹೇಳುವ ಹೆಸರು ‘ಕ್ಯಾಬಿನೆಟ್’. ಯಜಮಾನನ ಹೆಸರಿನಲ್ಲೇ ಮನೆಯನ್ನು ಗುರುತಿಸುವುದು ನಮ್ಮ ಹಳ್ಳಿಗಳ ರೂಢಿಯಲ್ಲವೇ? ಹೆಸರಿನ ಗೊಂದಲದಿಂದ ಏನು ಮಹಾ ನಷ್ಟ ಎಂದು ನಾನೂ ಅಂದುಕೊಂಡಿದ್ದೆ, ಕಳೆದ ಬೇಸಿಗೆಯವರೆಗೆ.

ಏಪ್ರಿಲ್ ತಿಂಗಳಲ್ಲಿ ಭಾವನ ಕಂಪ್ಯೂಟರು ಮಧ್ಯಾಹ್ನವಾದರೆ ಸಾಕು, ತಾನಾಗಿಯೇ ಆರಿಹೋಗತೊಡಗಿತು. ಬೆಳಿಗ್ಗೆ ಎಂಟಕ್ಕೆ ಚೆನ್ನಾಗಿ ಓಡುವುದು, ಹನ್ನೆರಡರ ಮೇಲೆ ಹತ್ತು ನಿಮಿಷಕ್ಕೊಮ್ಮೆ ಕಣ್ಣು ಮುಚ್ಚುವುದು. ರಿಪೇರಿಯವನು ಬಂದ, ಗುಂಡಿ ಒತ್ತಿದ, ತಲೆಯಾಡಿಸಿದ. “ಸಿಪಿಯು ಹೋಗಿದೆ ಸಾರ್. ಹಳೇ ಡಬ್ಬ, ಇದಕ್ಕೆ ದುಡ್ಡು ಸುರೀಬೇಡಿ. ಪೂರ್ತಿ ಸೆಟ್ಟೇ ಹೊಸದು ತಗೊಳ್ಳಿ” ಎಂದ. ಹಳೆಯದನ್ನು ತೂಕಕ್ಕೆ ತಾನೇ ಕೊಂಡುಕೊಳ್ಳುವುದಾಗಿಯೂ ಹೇಳಿ ಹೋದ.

ಅದೇ ವಾರ ಪಕ್ಕದ ಹಳ್ಳಿಯಿಂದ ಒಬ್ಬ ಅಜ್ಜಿ ಸ್ಟುಡಿಯೋ ಮೆಟ್ಟಿಲು ಹತ್ತಿದರು. “ನಮ್ಮೋರು ಹೋಗಿ ಐದು ದಿನ ಆತು ಕಣಪ್ಪ. ದೊಡ್ಡ ಮಗಳ ಮದುವೇಲಿ ನೀನು ಅವರದ್ದೊಂದು ಪೋಟ ತೆಗ್ದಿದ್ದೆಯಲ್ಲ, ಪೇಟ ಸುತ್ತಿಕೊಂಡು ನಿಂತಿದ್ದು? ಅದನ್ನ ದೊಡ್ಡದು ಮಾಡಿಕೊಡು. ತಿಥಿಗೆ ಇಡಬೇಕು.” ಮದುವೆ ನಡೆದದ್ದು 2009ರಲ್ಲಿ. ಮಗಳ ಮನೆಯಲ್ಲಿದ್ದ ಆಲ್ಬಮ್ಮಿಗೆ ಗೆದ್ದಲು ಹಿಡಿದಿತ್ತು. ಆ ಮನುಷ್ಯನ ಬೇರೆ ಒಳ್ಳೆಯ ಚಿತ್ರವೆಂದರೆ ಗುರುತಿನ ಚೀಟಿಯಲ್ಲಿರುವ ಅಂಚೆಚೀಟಿ ಗಾತ್ರದ್ದೊಂದೇ.

ಭಾವ ಅಂದು ರಾತ್ರಿ ನನಗೆ ಫೋನು ಮಾಡಿದರು. “ಸಿಪಿಯು ಹೋಯ್ತಂತೆ ಕಣೋ. ಹದಿನೆಂಟು ವರ್ಷದ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಅದರೊಳಗಿತ್ತು. ಆ ಅಜ್ಜಿಗೆ ಏನು ಹೇಳಲಿ?”

ಹೆಸರಿನ ಗೊಂದಲ ಮಾಡುವ ನಷ್ಟ ಇದೇ. ಚಿತ್ರಗಳಿರುವುದು ಹಾರ್ಡ್ ಡಿಸ್ಕಿನಲ್ಲಿ. ಚಿಪ್ಪು ಸುಟ್ಟುಹೋದರೂ, ಮದರ್‌ಬೋರ್ಡ್ ಸತ್ತರೂ ಡಿಸ್ಕಿಗೆ ಏನೂ ಆಗಬೇಕಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಸಾಮಾನ್ಯವಾಗಿ ಮುಗಿಯಿತು. ಆದರೆ ಇಡೀ ಪೆಟ್ಟಿಗೆಯೇ ‘ಸಿಪಿಯು’ ಎಂದುಕೊಂಡವರಿಗೆ ಯಜಮಾನ ಸತ್ತರೆ ಮನೆಯನ್ನೇ ಕೆಡವಬೇಕು ಅನ್ನಿಸುತ್ತದೆ. ಗುಜರಿಯವನು ಅದನ್ನು ತೂಕಕ್ಕೆ ಹಾಕಿಕೊಂಡು ಹೋಗುವಾಗ ಮನೆಮಂದಿಯ ಚಿತ್ರಗಳೂ ಅದರ ಜೊತೆಗೇ ಹೋಗುತ್ತವೆ. ಎರಡು ದಿನ ರಜೆ ಹಾಕಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೊರಟೆ.

ಮಲಗಿದ್ದದ್ದು ಎದ್ದು ನಿಂತಿತು

ಪೆಟ್ಟಿಗೆ ಬಿಚ್ಚುವ ಮೊದಲು ಅದರ ವಂಶಾವಳಿಯನ್ನು ಸ್ವಲ್ಪ ನೋಡಬೇಕು. 1981ರ ಆಗಸ್ಟಿನಲ್ಲಿ ಐಬಿಎಂ ಕಂಪೆನಿಯ ಪರ್ಸನಲ್ ಕಂಪ್ಯೂಟರ್ ಬಂದಾಗ ಪೆಟ್ಟಿಗೆ ಮಲಗಿಕೊಂಡಿತ್ತು. ಅದರ ಬೆನ್ನ ಮೇಲೆ ಟಿವಿಯಂಥ ಪರದೆ. ಮೇಜಿನ ಅರ್ಧ ಜಾಗ ಅದಕ್ಕೇ ಹೋಗುತ್ತಿತ್ತು. 1987ರಲ್ಲಿ ಅದೇ ಕಂಪೆನಿ ತನ್ನ ಪಿಎಸ್/2 ಸರಣಿಯ ದೊಡ್ಡ ಮಾದರಿಗಳನ್ನು ನೆಲದ ಮೇಲೆ ನಿಲ್ಲಿಸುವಂತೆ ರೂಪಿಸಿತು. ಮಲಗಿದ್ದದ್ದು ಎದ್ದು ನಿಂತು ‘ಟವರ್’ ಎನ್ನಿಸಿಕೊಂಡಿತು. ತೊಂಬತ್ತರ ದಶಕದಲ್ಲಿ ಎಲ್ಲೆಡೆ ಹಬ್ಬಿದ್ದು ಈ ಗೋಪುರದ ವಂಶವೇ.

ಆ ಕಾಲದ ಪೆಟ್ಟಿಗೆಗಳ ಮುಖದ ಮೇಲೆ ‘ಟರ್ಬೊ’ ಎಂಬ ಗುಂಡಿ, 33, 66 ಎಂದು ಕೆಂಪಗೆ ಹೊಳೆಯುವ ಅಂಕಿ ಇರುತ್ತಿದ್ದವು. ಟರ್ಬೊ ಎಂದರೆ ವೇಗ ಹೆಚ್ಚಿಸುವ ಗುಂಡಿ ಎಂದೇ ಎಲ್ಲರ ನಂಬಿಕೆ. ಅದರ ನಿಜವಾದ ಉಪಯೋಗ ವೇಗ ತಗ್ಗಿಸುವುದು. ಹಳೆಯ ನಿಧಾನದ ಯಂತ್ರಗಳಿಗೆಂದು ಬರೆದ ಪ್ರೋಗ್ರಾಮುಗಳು ಹೊಸ ಯಂತ್ರದಲ್ಲಿ ಹುಚ್ಚುಕುದುರೆಯಂತೆ ಓಡದಿರಲಿ ಎಂದು. ಇನ್ನು ಆ ಹೊಳೆಯುವ ಅಂಕಿ ಏನನ್ನೂ ಅಳೆಯುತ್ತಿರಲಿಲ್ಲ. ಒಳಗಿನ ಪುಟ್ಟ ಪಿನ್ನುಗಳನ್ನು ಬೇಕಾದಂತೆ ಜೋಡಿಸಿ ಅಂಗಡಿಯವನು ಯಾವ ಅಂಕಿ ಬೇಕಾದರೂ ತೋರಿಸಬಹುದಿತ್ತು. ಪೆಟ್ಟಿಗೆಯ ಮುಖ ನೋಡಿ ಮರುಳಾಗಬಾರದು ಎಂಬ ಪಾಠ ಅಷ್ಟು ಹಳೆಯದು.

ಗೋಪುರಗಳಲ್ಲಿ ಮೂರು ಅಳತೆ. ಮಿನಿ ಟವರ್ ಸುಮಾರು ಒಂದೂಕಾಲು ಅಡಿ ಎತ್ತರ, ಮಿಡ್ ಟವರ್ ಒಂದೂವರೆ ಅಡಿಯ ಆಸುಪಾಸು, ಅದಕ್ಕೂ ಮೇಲಿನದು, ಎರಡಡಿ ಮುಟ್ಟುವುದು ಅಥವಾ ಮೀರುವುದು ಫುಲ್ ಟವರ್. ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಕಾಣುವುದು ಮೊದಲೆರಡೇ. ಫುಲ್ ಟವರ್ ಹುಟ್ಟಿದ್ದು ಹತ್ತಾರು ಜನರ ಕಡತಗಳನ್ನು ಒಂದೇ ಕಡೆ ಕಾಯುವ ಸರ್ವರ್ ಯಂತ್ರಗಳಿಗಾಗಿ. ದೊಡ್ಡ ಬೋರ್ಡು, ಆರೆಂಟು ಡಿಸ್ಕು, ಹಗಲಿರುಳು ಓಡುವ ಕೆಲಸ. ನಮ್ಮ ಕಡೆಯ ಬಹಳಷ್ಟು ಜನ ಇಂಥ ಪೆಟ್ಟಿಗೆಗಳನ್ನು ಮೊದಲು ಗಮನಿಸಿದ್ದು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ಹದಿನೈದು ರೂಪಾಯಿ ಕಟ್ಟಿದರೆ ಪಹಣಿ ಕಂಪ್ಯೂಟರಿನಿಂದ ಅಚ್ಚಾಗಿ ಬರತೊಡಗಿದ ಮೇಲೆ. ಅಲ್ಲಿಯವರೆಗೆ ಪಹಣಿ ಎಂದರೆ ಶಾನುಭೋಗರ, ಗ್ರಾಮಲೆಕ್ಕಿಗರ ಕೈಬರಹ.

ಭಾವನ ಪೆಟ್ಟಿಗೆಯೂ ಆ ಕಾಲದ್ದೇ. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಸರ್ವರಾಗಿ ದುಡಿದು ನಿವೃತ್ತಿಯಾಗಿ ಎಸ್.ಪಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗೆ ಬಂದಿತ್ತು. ಫಿಲಂ ರೋಲಿನ ಕ್ಯಾಮೆರಾ ಬಿಟ್ಟು ಡಿಜಿಟಲ್ ಕ್ಯಾಮೆರಾ ಕೊಂಡ 2006ರಲ್ಲಿ ಭಾವ ಅದನ್ನು ಅಗ್ಗಕ್ಕೆ ತಂದರು. ಖಾಲಿ ಪೆಟ್ಟಿಗೆಯೇ ಹನ್ನೆರಡು ಕಿಲೊ. ಬಸ್ಸಿನಲ್ಲಿ ಅದಕ್ಕೊಂದು ಟಿಕೆಟ್ಟು ಕೊಟ್ಟು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ.

ಬಾಗಿಲು ತೆಗೆದಾಗ

ಪೆಟ್ಟಿಗೆಯನ್ನು ಹೊರಗಿನ ಜಗಲಿಗೆ ಉರುಳಿಸಿಕೊಂಡು ಬಂದೆವು. ಉರುಳಿಸಿದೆವು ಎಂದರೆ ನಿಜವಾಗಿಯೂ ಉರುಳಿಸಿದ್ದೇ: ತಳಕ್ಕೆ ನಾಲ್ಕು ಪುಟ್ಟ ಗಾಲಿಗಳಿವೆ. ಫುಲ್ ಟವರಿನ ಮೊದಲ ಸೌಕರ್ಯವೇ ಅದು. ಒಳಗೆ ಸಾಮಾನು ತುಂಬಿದ ಮೇಲೆ ಅದನ್ನು ಎತ್ತಿ ಸರಿಸುವ ಸಾಹಸ ಯಾರಿಗೂ ಬೇಡ.

ಮುಂದೆ ಬೀಗವಿರುವ ಒಂದು ಬಾಗಿಲು. ಅದನ್ನು ತೆಗೆದರೆ ಒಂದರ ಮೇಲೊಂದು ಆರು ಗೂಡುಗಳು. ಪ್ರತಿ ಗೂಡು ಸುಮಾರು 146 ಮಿಲಿಮೀಟರ್ ಅಗಲ, 41 ಮಿ.ಮೀ. ಎತ್ತರ, ಸಿಡಿ, ಡಿವಿಡಿ ಓದುವ ಸಾಧನಕ್ಕೆಂದು ಮೀಸಲು. ಅವುಗಳ ಕೆಳಗೆ ಹಾರ್ಡ್ ಡಿಸ್ಕಿನ ಪಂಜರ. ಡಿಸ್ಕಿನ ಅಗಲ 101.6 ಮಿ.ಮೀ., ಅಂದರೆ ಸರಿಯಾಗಿ ನಾಲ್ಕಂಗುಲ. ನಾಲ್ಕು ಡಿಸ್ಕುಗಳು ಅಟ್ಟದ ಮೇಲಿನ ಮಡಕೆಗಳಂತೆ ಸಾಲಾಗಿ ಕುಳಿತಿದ್ದವು. ಒಂದು ಡಿಸ್ಕಿಗೂ ಇನ್ನೊಂದಕ್ಕೂ ನಡುವೆ ಬೆರಳಗಲ ಸಂದಿ. ಸಣ್ಣ ಪೆಟ್ಟಿಗೆಗಳಲ್ಲಿ ಈ ಸಂದಿಗೇ ಬರ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗಳು ಬಿಸಿಯಾಗುತ್ತವೆ, ನಡುಗುತ್ತವೆ. ಒಂದಕ್ಕೊಂದು ತಾಗಿಕೊಂಡು ಕುಳಿತರೆ ಒಂದರ ಬಿಸಿ ಇನ್ನೊಂದಕ್ಕೆ. ದೊಡ್ಡ ಪೆಟ್ಟಿಗೆಯಲ್ಲಿ ಕಾಸು ಕೊಟ್ಟು ನಾವು ಕೊಳ್ಳುವುದು ಮುಖ್ಯವಾಗಿ ಈ ಖಾಲಿ ಜಾಗವನ್ನೇ. ಅರವತ್ತು ಲೀಟರ್, ಅಂದರೆ ನಾಲ್ಕು ಕೊಡ ನೀರು ಹಿಡಿಯುವಷ್ಟು ಖಾಲಿ ಜಾಗ.

ತಗಡನ್ನು ಬೆರಳಿನಿಂದ ತಟ್ಟಿ ನೋಡಿ. ಅಗ್ಗದ ಕ್ಯಾಬಿನೆಟ್ಟಿನ ತಗಡು ಅರ್ಧ ಮಿಲಿಮೀಟರಿನಷ್ಟೇ ದಪ್ಪ. ‘ಪಟ್’ ಎಂದು ಎಣ್ಣೆ ಡಬ್ಬದ ಸದ್ದು ಮಾಡುತ್ತದೆ. ಡಿಸ್ಕು ತಿರುಗಿದಾಗ ತಾನೂ ಗುಂಯ್‌ಗುಡುತ್ತದೆ. ಒಳ್ಳೆಯದರಲ್ಲಿ 0.8ರಿಂದ 1 ಮಿ.ಮೀ. ದಪ್ಪದ, ಸತುವಿನ ಲೇಪವಿರುವ ಉಕ್ಕು. ಅದರ ಅಂಚುಗಳನ್ನು ಒಳಕ್ಕೆ ಮಡಿಸಿರುತ್ತಾರೆ. ಅಂಚು ಮಡಿಸದ ಪೆಟ್ಟಿಗೆಯೊಳಗೆ ಒಮ್ಮೆ ಕೈ ಹಾಕಿದವರು ಆ ವ್ಯತ್ಯಾಸವನ್ನು ಮರೆಯುವುದಿಲ್ಲ. ಬೆರಳ ತುದಿಯ ಗಾಯ ನೆನಪಿಸುತ್ತದೆ.

ಬದಿಯ ತಗಡು ಜಾರಿಸಿದೆವು. ಭಾವ ಮೂಗು ಮುಚ್ಚಿಕೊಂಡರು.

ಒಳಗೆ ಒಂದು ಸಂಸಾರವೇ ನಡೆದಿತ್ತು. ತೆಂಗಿನ ನಾರು, ಹರಿದ ಕಾಗದ, ಯಾರದೋ ಮದುವೆ ಆಮಂತ್ರಣದ ಬಂಗಾರದ ಅಂಚು ಎಲ್ಲ ಸೇರಿ ಒಂದು ಗೂಡು. ಇಲಿ ಬಂದ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಪೆಟ್ಟಿಗೆಯ ಹಿಂಭಾಗದಲ್ಲಿ ಹೆಚ್ಚುವರಿ ಕಾರ್ಡು ಕೂರಿಸಲು ಉದ್ದುದ್ದ ಸೀಳುಗಳು ಇರುತ್ತವೆ. ಕಾರ್ಡು ಇಲ್ಲದ ಸೀಳಿಗೆ ಒಂದು ತಗಡಿನ ಪಟ್ಟಿ ಮುಚ್ಚಿರಬೇಕು. ಯಾವಾಗಲೋ ಯಾರೋ ಕಾರ್ಡು ಬದಲಿಸಿದವರು ನಾಲ್ಕು ಪಟ್ಟಿ ತೆಗೆದವರು ಮತ್ತೆ ಹಾಕಿರಲಿಲ್ಲ. ಬೆರಳು ತೂರುವ ಸಂದಿ. ಇಲಿಗೆ ಅದು ಮಹಾದ್ವಾರ. ಒಳಗೆ ಬಂದದ್ದು ಸುಮ್ಮನೆ ಇರುತ್ತದೆಯೇ? ಹಿಂಭಾಗದ ಫ್ಯಾನಿನ ವೈರನ್ನು ಕಡಿದುಹಾಕಿತ್ತು. ಬಿಸಿ ಗಾಳಿಯನ್ನು ಹೊರಕ್ಕೆ ತಳ್ಳಬೇಕಾದ ಫ್ಯಾನು ಎಷ್ಟು ತಿಂಗಳಿಂದ ನಿಂತಿತ್ತೋ.

ಗಾಳಿಯ ಹಾದಿ

ಇಲ್ಲಿ ಪೆಟ್ಟಿಗೆಯ ವಿನ್ಯಾಸದ ಹೃದಯಕ್ಕೇ ಬರುತ್ತೇವೆ. ನಮ್ಮ ಹಳೆಯ ಮನೆಗಳ ಅಡುಗೆಕೋಣೆಯನ್ನು ನೆನಪಿಸಿಕೊಳ್ಳಿ. ಬಾಗಿಲಿನಿಂದ ತಂಪು ಗಾಳಿ ಒಳಗೆ; ಒಲೆಯ ಹೊಗೆ ಮೇಲಿನ ಗವಾಕ್ಷಿಯಿಂದ ಹೊರಗೆ. ಕ್ಯಾಬಿನೆಟ್ ಕಟ್ಟುವವನ ಲೆಕ್ಕವೂ ಅಷ್ಟೇ. ಮುಂಭಾಗದ ಕೆಳಗಿನಿಂದ ತಂಪು ಗಾಳಿ ಒಳಗೆ ಬರಬೇಕು, ಮೊದಲು ಡಿಸ್ಕುಗಳನ್ನು ಸವರಬೇಕು, ಆಮೇಲೆ ಬೋರ್ಡು ಮತ್ತು ಚಿಪ್ಪಿನ ಬಿಸಿ ಹೊತ್ತು ಹಿಂಭಾಗದ ಮೇಲಿನಿಂದ ಹೊರಗೆ ಹೋಗಬೇಕು. ಪೆಟ್ಟಿಗೆಯ ತಗಡು ಬರಿಯ ಹೊದಿಕೆಯಲ್ಲ. ಗಾಳಿಯನ್ನು ಈ ಹಾದಿಯಲ್ಲೇ ನಡೆಸುವ ಕಾಲುವೆಯ ದಡ ಅದು.

ಬೇಸಿಗೆ ಬಂತೆಂದರೆ ಪಕ್ಕದ ತಗಡು ತೆಗೆದಿಟ್ಟು ಒಂದು ಟೇಬಲ್ ಫ್ಯಾನ್ ಹಚ್ಚುವ ರೂಢಿ ಅನೇಕ ಅಂಗಡಿಗಳಲ್ಲಿದೆ. ಭಾವನೂ ಮಾಡಿದ್ದರು. ಚಿಪ್ಪಿಗೆ ಆ ಕ್ಷಣಕ್ಕೆ ತಂಪಾಗಬಹುದು. ಆದರೆ ದಡ ಒಡೆದ ಕಾಲುವೆಯ ನೀರು ಕೊನೆಯ ಗದ್ದೆಗೆ ಹೋಗುತ್ತದೆಯೇ? ಮೂಲೆಯ ಡಿಸ್ಕುಗಳಿಗೆ ಸಿಗಬೇಕಾದ ಗಾಳಿ ತಪ್ಪುತ್ತದೆ. ಜೊತೆಗೆ ಟೇಬಲ್ ಫ್ಯಾನು ರಸ್ತೆಯ ಧೂಳನ್ನೆಲ್ಲ ಒಳಗೆ ತುಂಬುತ್ತದೆ. ತಗಡಿಗೆ ಇನ್ನೊಂದು ಕೆಲಸವೂ ಇದೆ: ಒಳಗಿನ ವಿದ್ಯುತ್ ಗದ್ದಲ ಹೊರಗೆ ಹರಡದಂತೆ ತಡೆಯುವುದು. ತಗಡು ತೆಗೆದಿಟ್ಟು ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೊ ಹಚ್ಚಿ, ಗೊರಗೊರ ಸದ್ದು ಹೆಚ್ಚಾಗುವುದನ್ನು ಕೇಳಬಹುದು.

ಚಿಪ್ಪಿನ ಮೇಲೆ ಅಲ್ಯೂಮಿನಿಯಂ ಹಲ್ಲುಗಳ ಒಂದು ಬಾಚಣಿಗೆ ಇರುತ್ತದೆ, ಬಿಸಿಯನ್ನು ಗಾಳಿಗೆ ದಾಟಿಸಲು. ಅದರ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಒತ್ತಾಗಿ ಕುಳಿತಿತ್ತು. ಹೊರಗೆ ಹೋಗಲು ದಾರಿಯಿಲ್ಲ, ಚಿಪ್ಪಿಗೆ ಕಂಬಳಿ ಬೇರೆ. ಅತಿ ಬಿಸಿಯಾದಾಗ ಚಿಪ್ಪು ಸುಟ್ಟುಹೋಗದಿರಲೆಂದು ಯಂತ್ರ ತಾನಾಗಿಯೇ ಆರಿಕೊಳ್ಳುವ ವ್ಯವಸ್ಥೆ ಇರುತ್ತದೆ. ಬೆಳಿಗ್ಗೆ ಓಡಿ ಮಧ್ಯಾಹ್ನ ಆರುತ್ತಿದ್ದುದರ ಗುಟ್ಟು ಇದೇ. ಯಂತ್ರ ಸತ್ತಿರಲಿಲ್ಲ, ಸಾಯದಂತೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಅದನ್ನೇ ನಾವು ‘ಸಿಪಿಯು ಹೋಯ್ತು’ ಎಂದು ಗುಜರಿಗೆ ಹಾಕಲು ಹೊರಟಿದ್ದೆವು.

ಕಾಲ ಕಳೆದಂತೆ ಈ ಗಾಳಿಯ ಲೆಕ್ಕ ಬಿಗಿಯಾಗುತ್ತಲೇ ಬಂದಿದೆ. ತೊಂಬತ್ತರ ದಶಕದ ಆರಂಭದ 486 ಚಿಪ್ಪು ತಿನ್ನುತ್ತಿದ್ದುದು ಬೆರಳೆಣಿಕೆಯ ವ್ಯಾಟುಗಳು. ಅನೇಕ ಯಂತ್ರಗಳಲ್ಲಿ ಅದಕ್ಕೆ ಫ್ಯಾನೇ ಇರಲಿಲ್ಲ. 2022ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಎಂಬ ಚಿತ್ರದ ಕಾರ್ಡ್ ಒಂದೇ 450 ವ್ಯಾಟ್ ಬೇಡುತ್ತದೆ, ಉದ್ದ ಒಂದು ಅಡಿ. ಡಿವಿಡಿಗಳ ಕಾಲ ಮುಗಿಯಿತು, ದೊಡ್ಡ ಪೆಟ್ಟಿಗೆಯ ಕಾಲವೂ ಮುಗಿಯಿತು ಎನ್ನುವಾಗಲೇ ಫುಲ್ ಟವರು ಮತ್ತೆ ಬೇಡಿಕೆಗೆ ಬಂದದ್ದು ಇಂಥ ಕಾರ್ಡುಗಳಿಂದ.

ಫ್ಯಾನುಗಳೂ ಬೆಳೆದಿವೆ. ಭಾವನ ಪೆಟ್ಟಿಗೆಯ ಫ್ಯಾನು 80 ಮಿ.ಮೀ.ದು. ಈಗ ಸಾಮಾನ್ಯವಾದದ್ದು 120 ಮಿ.ಮೀ., ಇಲ್ಲವೇ 140. ಎಂಬತ್ತಕ್ಕಿಂತ ನೂರಿಪ್ಪತ್ತರದು ಎರಡೂಕಾಲು ಪಟ್ಟು ವಿಸ್ತಾರ. ಆದ್ದರಿಂದ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ, ಸದ್ದು ಮಾತ್ರ ಬಹಳ ಕಡಿಮೆ. ಹಳೆಯ ಪೆಟ್ಟಿಗೆಗಳಲ್ಲಿ ಕರೆಂಟು ಹಂಚುವ ಎಸ್‌ಎಂಪಿಎಸ್ ಮೇಲ್ತುದಿಯಲ್ಲಿದ್ದು, ಕೋಣೆಯ ಬಿಸಿಯನ್ನೆಲ್ಲ ತಾನೇ ನುಂಗುತ್ತಿತ್ತು. ಈಚಿನವುಗಳಲ್ಲಿ ಅದು ತಳಕ್ಕೆ ಇಳಿದಿದೆ. ಕೆಳಗಿನಿಂದ ತನಗೆ ಬೇಕಾದ ತಂಪು ಗಾಳಿಯನ್ನು ಜಾಲರಿಯ ಮೂಲಕ ಬೇರೆಯಾಗಿಯೇ ಎಳೆದುಕೊಳ್ಳುತ್ತದೆ. ವೈರುಗಳನ್ನು ಬೋರ್ಡಿನ ಬೆನ್ನ ಹಿಂದಿನಿಂದ ಹಾಯಿಸಲು ಕಿಂಡಿಗಳಿವೆ. ಗಾಳಿಯ ಹಾದಿಯಲ್ಲಿ ವೈರಿನ ಪೊದೆ ಅಡ್ಡ ಬರುವುದಿಲ್ಲ. ಹೊಸ ವಿನ್ಯಾಸದಲ್ಲಿ ನಿಜವಾಗಿ ಮೆಚ್ಚಬೇಕಾದ ಮೂರು ಸುಧಾರಣೆಗಳು ಇವು.

ಮೂರನೆಯ ಪಿನ್ನು

ಪೆಟ್ಟಿಗೆ ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತದೆ ಎಂದು ಭಾವನ ಮಗಳು ಹೇಳಿದಳು. “ಅದೇನು ದೊಡ್ಡ ವಿಷಯವಲ್ಲ, ಮೊದಲಿನಿಂದಲೂ ಹಾಗೇ” ಎಂದರು ಭಾವ. ಇದು ದೊಡ್ಡ ವಿಷಯವೇ. ಕ್ಯಾಬಿನೆಟ್ಟಿನ ಉಕ್ಕಿನ ಮೈ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿನ ಮೂಲಕ ಭೂಮಿಗೆ ಸೇರಿರಬೇಕು. ಎಸ್‌ಎಂಪಿಎಸ್‌ನೊಳಗೆ ಕರೆಂಟಿನ ಗದ್ದಲ ಸೋಸಲು ಇಟ್ಟ ಪುಟ್ಟ ಕೆಪಾಸಿಟರುಗಳು ಪೆಟ್ಟಿಗೆಯ ಮೈಗೆ ಜೋಡಣೆಯಾಗಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅವುಗಳಿಂದ ಸೋರುವ ಅಲ್ಪ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆಯ ಮೈ ಸುಮಾರು ನೂರು ವೋಲ್ಟಿನ ಮೇಲೆ ತೇಲುತ್ತಿರುತ್ತದೆ. ಹರಿಯುವ ಕರೆಂಟು ಕಡಿಮೆಯಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಒಳಗೆ ಒಂದು ವೈರು ಸಡಿಲವಾಗಿ, ಇಲ್ಲವೇ ಇಲಿ ಕಡಿದು ಮೈಗೆ ತಾಗಿತೋ, ಆಗ ಅದೇ ಪೆಟ್ಟಿಗೆ ಪ್ರಾಣ ತೆಗೆಯಬಹುದು.

ಸ್ಟುಡಿಯೋದ ಹಿಂದಿನ ಅರ್ಥಿಂಗ್ ಗುಂಡಿಗೆ ನೀರು ಹಾಕದೆ ಎಷ್ಟೋ ಬೇಸಿಗೆ ಕಳೆದಿತ್ತು. ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಊರಿನ ಎಲೆಕ್ಟ್ರಿಷಿಯನ್ ಬಂದು ತಂತಿ ಜೋಡಿಸಿ, ಇದ್ದಿಲು ಉಪ್ಪು ತುಂಬಿ, ಎರಡು ಕೊಡ ನೀರು ಸುರಿದ ಮೇಲೆ ಜುಮ್ಮೆನ್ನುವುದು ನಿಂತಿತು. ಎಷ್ಟು ಸಾವಿರದ ಪೆಟ್ಟಿಗೆ ತಂದರೂ ಅದರ ಸುರಕ್ಷೆ ಕೊನೆಗೆ ನಿಲ್ಲುವುದು ಅಂಗಳದ ಆ ಗುಂಡಿಯ ಮೇಲೆ.

ಬದಲಾಗದ ರಂಧ್ರಗಳು

ಗೂಡು ತೆಗೆದೆವು. ಮೃದುವಾದ ಬ್ರಷ್ಷಿನಿಂದ ಉಜ್ಜಿ, ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಂಡು ಬ್ಲೋವರಿನಿಂದ ಊದಿದೆವು. ರೆಕ್ಕೆ ಹಿಡಿಯದೆ ಊದಿದರೆ ಅದು ಮಿತಿಮೀರಿ ತಿರುಗಿ ಹಾಳಾಗಬಹುದು. ಚಿಪ್ಪಿನ ಮೇಲೆ ಒಣಗಿಹೋಗಿದ್ದ ಬಿಳಿಯ ಪೇಸ್ಟು ಒರೆಸಿ ಹೊಸದು ಹಚ್ಚಿದೆವು. ಚಿಕ್ಕಮಗಳೂರಿನ ಅಂಗಡಿಯಲ್ಲಿ ಎರಡು ಹೊಸ ಫ್ಯಾನು ಸಿಕ್ಕಿತು. ನಾಲ್ಕು ತಗಡಿನ ಪಟ್ಟಿ ಬೇಕೆಂದಾಗ ಅಂಗಡಿಯವರು ಮೂಲೆಯ ಹಳೆ ಕ್ಯಾಬಿನೆಟ್ಟುಗಳ ರಾಶಿಯಿಂದ ಕಿತ್ತು ಬಿಟ್ಟಿಯಾಗಿಯೇ ಕೊಟ್ಟರು. ಯಾವುದೋ ಪೆಟ್ಟಿಗೆಯ ಪಟ್ಟಿ ನಮ್ಮ ಪೆಟ್ಟಿಗೆಗೆ ಕೂರುತ್ತದೆಯೇ ಎಂದು ಭಾವನಿಗೆ ಸಂಶಯ. ಕೂತಿತು, ಅದರದ್ದೇ ಎಂಬಂತೆ.

ಇದೇ ಈ ಪೆಟ್ಟಿಗೆಗಳ ದೊಡ್ಡ ಗುಣ. 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಒಂದು ಅಳತೆಯನ್ನು ಪ್ರಕಟಿಸಿತು. ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಅದನ್ನು ಹಿಡಿಯುವ ಸ್ಕ್ರೂ ರಂಧ್ರಗಳು ಇಂಥಿಂಥ ಕಡೆ, ಹಿಂದಿನ ಸೀಳುಗಳ ನಡುವಿನ ಅಂತರ 20.32 ಮಿ.ಮೀ. ಚಿಪ್ಪುಗಳು ಸಾವಿರಾರು ಪಟ್ಟು ವೇಗ ಪಡೆದವು, ಮೆಮೊರಿ ಬದಲಾಯಿತು, ಡಿಸ್ಕು ಬದಲಾಯಿತು. ಆ ರಂಧ್ರಗಳು ಮಾತ್ರ ಇದ್ದಲ್ಲೇ ಇವೆ. ಸಣ್ಣ ಮೈಕ್ರೊ ಎಟಿಎಕ್ಸ್ ಬೋರ್ಡುಗಳೂ ಅವೇ ರಂಧ್ರಗಳಲ್ಲಿ ಕೆಲವನ್ನು ಬಳಸಿಕೊಂಡು ಕೂರುತ್ತವೆ. ಫುಲ್ ಟವರುಗಳಲ್ಲಿ ಅನೇಕವು 305ಕ್ಕೆ 330 ಮಿ.ಮೀ.ವರೆಗಿನ ದೊಡ್ಡ ಬೋರ್ಡಿಗೂ ಜಾಗ ಕೊಡುತ್ತವೆ. ಆದ್ದರಿಂದಲೇ 2000ದ ಪೆಟ್ಟಿಗೆಯಲ್ಲಿ ಭಾವ ಮೂರು ಬಾರಿ ಬೋರ್ಡು ಬದಲಿಸಿದ್ದರೂ ಮನೆ ಅದೇ. ಬಾಡಿಗೆದಾರರು ಬಂದು ಹೋದರು, ಗೋಡೆ ಉಳಿಯಿತು.

ಎಲ್ಲ ಪೆಟ್ಟಿಗೆಗೂ ಈ ಭಾಗ್ಯವಿಲ್ಲ. ದೊಡ್ಡ ಕಂಪೆನಿಗಳು ಸೀಲು ಹಾಕಿ ಮಾರುವ ಕೆಲವು ಕಂಪ್ಯೂಟರುಗಳಲ್ಲಿ ಬೋರ್ಡಿನ ಅಳತೆ, ಎಸ್‌ಎಂಪಿಎಸ್‌ನ ಆಕಾರ ಎಲ್ಲ ಅವರವರದ್ದೇ. ಒಂದು ಅಂಗ ಕೆಟ್ಟರೆ ಅದೇ ಕಂಪೆನಿಯ ಅಂಗವೇ ಬೇಕು, ಅದು ಸಿಗದಿದ್ದರೆ ಪೆಟ್ಟಿಗೆಯೇ ಗುಜರಿಗೆ. ಬೆಂಗಳೂರಿನಲ್ಲಿರುವವರಿಗೆ ಅದು ಅಷ್ಟು ಬಾಧಿಸದಿರಬಹುದು. ಬಿಡಿಭಾಗಕ್ಕೆ ಬಸ್ಸು ಹತ್ತಬೇಕಾದ ಊರಿನವರಿಗೆ ಎಲ್ಲ ಕಡೆ ಸಿಗುವ ಅಳತೆಯೇ ದೊಡ್ಡ ವಾರಂಟಿ.

ಗಾಜಿನ ಮನೆ

ಕಾಲೇಜು ಓದುವ ಮಗಳು ಮೊಬೈಲಿನಲ್ಲಿ ಒಂದು ಹೊಸ ಫುಲ್ ಟವರ್ ತೋರಿಸಿದಳು. ಮುಂದೆ ಗಾಜು, ಪಕ್ಕಕ್ಕೆ ಗಾಜು, ಒಳಗೆ ಊರಹಬ್ಬದ ಸೀರಿಯಲ್ ಸೆಟ್ಟಿನಂತೆ ಬಣ್ಣದ ದೀಪ. “ಮಾವ, ಇದು ತಗೋಬಾರದಾ? ಅಪ್ಪನ ಡಬ್ಬ ನೋಡೋಕೆ ಆಗಲ್ಲ.”

ತಗೊಳ್ಳಬಾರದು ಎನ್ನಲಾರೆ. ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು ಎಂದೆ. ಮೊದಲನೆಯದು, ಗಾಳಿ ಒಳಗೆ ಬರುವ ದಾರಿ ಎಲ್ಲಿ? ಮುಂದೆ ಪೂರ್ತಿ ಗಾಜಿದ್ದರೆ ಅಂಚಿನ ಸಂದಿಯಿಂದಲೇ ಗಾಳಿ ನುಸುಳಬೇಕು. ಜಾಲರಿ ಮುಖದ್ದು ಸುಂದರವಲ್ಲದಿದ್ದರೂ ಉಸಿರಾಡುತ್ತದೆ. ಎರಡನೆಯದು, ಧೂಳು ತಡೆಯುವ ಫಿಲ್ಟರ್ ಇದೆಯೇ, ಅದನ್ನು ಸ್ಕ್ರೂ ಬಿಚ್ಚದೆ ಹೊರಗೆಳೆದು ತೊಳೆಯಲು ಬರುತ್ತದೆಯೇ? ಒಳಗೆ ತಳ್ಳುವ ಫ್ಯಾನು ಎರಡು, ಹೊರಗೆ ತಳ್ಳುವುದು ಒಂದು ಇದ್ದರೆ ಪೆಟ್ಟಿಗೆಯೊಳಗೆ ಗಾಳಿಯ ಒತ್ತಡ ಕೊಂಚ ಹೆಚ್ಚಿರುತ್ತದೆ. ಆಗ ಸಂದಿಗೊಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆಯೇ ಹೊರತು ಧೂಳು ಒಳಕ್ಕೆ ಎಳೆದುಕೊಳ್ಳುವುದಿಲ್ಲ. ಮೂರನೆಯದು, ಡಿಸ್ಕಿಗೆ ಎಷ್ಟು ಗೂಡು? ಹೊಸ ಪೆಟ್ಟಿಗೆ ಎಷ್ಟು ದೊಡ್ಡದಾದರೂ ಅನೇಕವುಗಳಲ್ಲಿ ಡಿಸ್ಕಿಗೆ ಎರಡೇ ಗೂಡು, ಡಿವಿಡಿಗೆ ಒಂದೂ ಇಲ್ಲ. ಹಳೆಯ ಮದುವೆ ಡಿವಿಡಿ ಹಿಡಿದು ಬರುವ ಗಿರಾಕಿಗಳಿರುವ ಸ್ಟುಡಿಯೋಗೆ ಅದು ಆಗದು. ನಾಲ್ಕನೆಯದು, ಅದನ್ನು ಇಡುವುದೆಲ್ಲಿ? ನೆಲದ ಮೇಲಿಟ್ಟರೆ ಕಸಪೊರಕೆಯ ಧೂಳು, ನೆಲ ಒರೆಸುವ ನೀರು, ಮಳೆಗಾಲದ ಥಂಡಿ ಎಲ್ಲ ಮೊದಲು ತಗಲುವುದು ತಳದ ಎಸ್‌ಎಂಪಿಎಸ್‌ಗೆ. ಒಂದಡಿ ಎತ್ತರದ ಮರದ ಮಣೆಯೇ ಅದಕ್ಕೆ ಮದ್ದು.

ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ಅಪ್ಪನ ಡಬ್ಬಕ್ಕೇ ಇದನ್ನೆಲ್ಲ ಮಾಡಬಹುದಲ್ಲ?” ಎಂದಳು. ಮಾಡಿದೆವು. ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿಯ ತುಂಡು ಮುಂಭಾಗದ ಗಾಳಿಕಿಂಡಿಗೆ ಬಂತು. ಬಟ್ಟೆ ಕಟ್ಟಿದರೆ ಗಾಳಿಯೂ ನಿಂತುಹೋಗುತ್ತದೆ, ಜಾಲರಿಯಾದರೆ ತೊಳೆದು ಮತ್ತೆ ಹಾಕಬಹುದು. ಮುಂದೆ ಒಂದು ಹೊಸ ಫ್ಯಾನು, ಹಿಂದೆ ಒಂದು. ತೆಂಗಿನ ಹಲಗೆಯ ಮಣೆ. ಎಲ್ಲ ಸೇರಿ ಖರ್ಚು ಎರಡು ಸಾವಿರ ಮುಟ್ಟಲಿಲ್ಲ.

ಗುಂಡಿ ಒತ್ತಿದಾಗ ಮಧ್ಯಾಹ್ನ ಎರಡು ಗಂಟೆ, ಬಿಸಿಲು ನೆತ್ತಿಯ ಮೇಲಿತ್ತು. ಪೆಟ್ಟಿಗೆ ಆರಲಿಲ್ಲ. ಸಂಜೆಯವರೆಗೂ ಆರಲಿಲ್ಲ.

ಮೂರನೆಯ ಡಿಸ್ಕಿನಲ್ಲಿ 2009ರ ಮದುವೆ ಸಿಕ್ಕಿತು. ಆರುನೂರು ಚಿತ್ರಗಳ ನಡುವೆ ಧಾರೆಯ ಚಪ್ಪರದ ಕಂಬಕ್ಕೆ ಒರಗಿ ನಿಂತ ಮನುಷ್ಯ. ತಲೆಗೆ ಪೇಟ, ಮುಖದಲ್ಲಿ ಮಗಳ ಮದುವೆ ಮುಗಿಸಿದವನ ಸುಸ್ತು, ಸಮಾಧಾನ. ಭಾವ ಅದನ್ನು ಹನ್ನೆರಡಕ್ಕೆ ಹದಿನೈದು ಅಂಗುಲಕ್ಕೆ ಹಿಗ್ಗಿಸಿ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿದರು. ಆಮೇಲೆ ನಾನು ಒತ್ತಾಯಿಸಿದ್ದಕ್ಕೆ ನಾಲ್ಕೂ ಡಿಸ್ಕಿನದು ಒಂದೊಂದು ನಕಲು ಮಾಡಿ ಮನೆಯ ಗಾಡ್ರೇಜ್ ಬೀರುವಿನಲ್ಲಿಟ್ಟರು. ಪೆಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ಡಿಸ್ಕಿಗೆ ಒಂದಲ್ಲ ಒಂದು ದಿನ ಸಾವಿದೆ. ಒಂದೇ ಕಡೆ ಇಟ್ಟದ್ದನ್ನು ಇಟ್ಟದ್ದೆಂದು ಎಣಿಸಬಾರದು.

ಹೊರಡುವ ದಿನ ಬೆಳಿಗ್ಗೆ ಅಯ್ಯನಕೆರೆಗೆ ಹೋಗಿದ್ದೆ. ಸಖರಾಯಪಟ್ಟಣವನ್ನಾಳಿದ ರುಕ್ಮಾಂಗದ ರಾಯ ಕಟ್ಟಿಸಿದ ಕೆರೆ ಎಂದು ಊರಿನ ಪ್ರತೀತಿ; ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಅದು ಜೀರ್ಣೋದ್ಧಾರವಾಯಿತು ಎನ್ನುತ್ತಾರೆ. ಏರಿಯ ಮೇಲೆ ನಿಂತು ನೋಡುವಾಗ ಭಾವನ ಡಬ್ಬವೇ ನೆನಪಾಯಿತು. ಕಟ್ಟಿದವರು ನೀರಿಗೆ ಒಳಬರುವ ದಾರಿ, ಹೊರಹೋಗುವ ದಾರಿ ಎರಡನ್ನೂ ಸರಿಯಾಗಿ ಇಟ್ಟಿದ್ದರು. ಆಮೇಲೆ ಬಂದವರು ಅದನ್ನು ಬಿಚ್ಚಿ ನೋಡಿ ದುರಸ್ತಿ ಮಾಡಿದರು. ಬಾಳಿಕೆ ಬರುವ ವಸ್ತುಗಳ ಗುಟ್ಟು ಅಷ್ಟೇ ಇರಬಹುದು.

ಸ್ಟುಡಿಯೋಗೆ ವಾಪಸು ಬಂದಾಗ ಗಿರಾಕಿಯೊಬ್ಬರು ಭಾವನನ್ನು ಕೇಳುತ್ತಿದ್ದರು, “ಏನಣ್ಣ, ನಿಮ್ಮ ಸಿಪಿಯು ರಿಪೇರಿ ಆಯ್ತಂತೆ?”

“ಸಿಪಿಯುಗೆ ಏನೂ ಆಗಿರಲಿಲ್ಲ ಕಣಪ್ಪ” ಎಂದರು ಭಾವ, “ಮನೆ ಗುಡಿಸಿದ್ವಿ, ಅಷ್ಟೆ.”